ಬರೆದವನು ನಂಬದ ಪುಸ್ತಕ

ಅಬುಧಾಬಿಯ ಹಳೆಯ ಪೇಟೆಯ ಒಂದು ಟೈಪಿಂಗ್ ಸೆಂಟರಿನಲ್ಲಿ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದೆ. ವೀಸಾ ಇರಲಿ, ಬಾಡಿಗೆ ಕರಾರು ಇರಲಿ, ಇಲ್ಲಿ ಏನಾಗಬೇಕಾದರೂ ಮೊದಲು ಒಂದು ಅರ್ಜಿ ತುಂಬಬೇಕು. ಅದನ್ನು ತುಂಬಿಕೊಡುವ ಅಂಗಡಿ ನಮ್ಮದು. ನಡೆಸುತ್ತಿದ್ದವರು ಉಳ್ಳಾಲದ ಕಡೆಯ ಒಬ್ಬ ಬ್ಯಾರಿ. ನಾವು ಅವರನ್ನು ಸಾಯ್ಬರು ಎಂದೇ ಕರೆಯುತ್ತಿದ್ದೆವು. ನನ್ನ ಗಂಡನಿಗೆ ದೂರದ ರುವೈಸಿನಲ್ಲಿ ಟೆಕ್ನಿಷಿಯನ್ ಕೆಲಸ. ವಾರವೆಲ್ಲ ಅಲ್ಲಿನ ಕಂಪೆನಿ ಕ್ವಾರ್ಟರ್ಸಿನಲ್ಲಿದ್ದು ಶುಕ್ರವಾರ ಸಂಜೆ ಬಸ್ಸು ಹತ್ತಿ ಬರುತ್ತಿದ್ದರು. ಮಗಳು ದುಬೈಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನಗೆ ಉಳಿದ ದಿನಗಳಲ್ಲಿ ಅಂಗಡಿ, ಮನೆ, ಮತ್ತೆ ಅಂಗಡಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಷಟರ್ ಎಳೆಯುತ್ತಿದ್ದೆವು. ಆ ಮೂರು ಗಂಟೆ ಏನು ಮಾಡುವುದೆಂದು ತೋಚುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಲವತ್ತು ದಾಟಿದ ಒಬ್ಬ ರಷ್ಯನ್ ಹೆಂಗಸು ತನ್ನ ತಾಯಿಯ ಕೈ ಹಿಡಿದುಕೊಂಡು ಒಳಗೆ ಬಂದಳು. ತಾಯಿಗೆ ವಾಸದ ವೀಸಾ ಮಾಡಿಸಬೇಕಿತ್ತು. ಆ ವರ್ಷಗಳಲ್ಲಿ ರಷ್ಯನ್ನರು ತುಂಬ ಬರುತ್ತಿದ್ದರು, ಅದರಲ್ಲಿ ವಿಶೇಷವೇನೂ ಇರಲಿಲ್ಲ. ತಾಯಿ ಎತ್ತರದ ಆಳು, ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಕಣ್ಣಿಗೆ ಮಾತ್ರ ದಪ್ಪ ಗಾಜಿನ ಕನ್ನಡಕ. ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ ಏನು ಹಾಕಲಿ ಎಂದು ಕೇಳಿದೆ. ಮಗಳು ಬಾಯಿ ತೆರೆಯುವ ಮೊದಲೇ ತಾಯಿ ಹೇಳಿದರು, "ಫಿಲಾಸಫಿ."

ಪಕ್ಕದ ಮೇಜಿನಿಂದ ಸಾಯ್ಬರು ಕತ್ತೆತ್ತಿದರು. "ಅಕ್ಕ, ಅದು ಲಿಸ್ಟಲ್ಲಿ ಮಾಫಿ, ಇಲ್ಲವೇ ಇಲ್ಲ. ರಿಟೈರ್ಡ್ ಟೀಚರ್ ಅಂತ ಹಾಕಿ. ಯಲ್ಲಾ, ಬೇಗ ಬೇಗ, ಹಿಂದೆ ಜನ ನಿಂತಿದ್ದಾರೆ ಮಾರಾಯ್ರೆ."

ಹಾಗೆಯೇ ಹಾಕಿದೆ. ನಾನು ಟೈಪು ಮಾಡುತ್ತಿದ್ದಷ್ಟು ಹೊತ್ತೂ ಆ ಮುದುಕಿ ನನ್ನ ಮುಖ ನೋಡದೆ ನನ್ನ ಕೈಯ ಸದ್ದಿಗೆ ಕಿವಿಗೊಟ್ಟು ಕುಳಿತಿದ್ದರು. ಕಾಗದ ಪ್ರಿಂಟಾಗುವಾಗ ಹೇಳಿದರು, "ನೀನು ಇದರಲ್ಲಿ ಕಲಿತವಳಲ್ಲ. ಹಳೆಯ ಮೆಷಿನ್ನಿನಲ್ಲಿ ಕಲಿತವಳು."

"ನಿಮಗೆ ಹೇಗೆ ಗೊತ್ತಾಯಿತು?"

"ಕೀಲಿಗಳನ್ನು ಕುಟ್ಟುತ್ತೀ. ಕಾರ್ಬನ್ ಇಟ್ಟು ಟೈಪು ಮಾಡಿದವರು ಮಾತ್ರ ಹಾಗೆ ಕುಟ್ಟುತ್ತಾರೆ."

ನನಗೆ ನಗು ಬಂತು. ಮಂಗಳೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು, ಒಬ್ಬ ವಕೀಲರ ಆಫೀಸಿನಲ್ಲಿ ನಾಲ್ಕು ಪ್ರತಿ, ಐದು ಪ್ರತಿ ತೆಗೆದು ನನ್ನ ಬೆರಳು ಹಾಗಾಗಿತ್ತು. ಕೀಬೋರ್ಡು ಬೇಗ ಹಾಳಾಗುತ್ತದೆಂದು ಸಾಯ್ಬರು ಬೈಯುತ್ತಿದ್ದದ್ದೂ ಅದಕ್ಕೇ.

ಎರಡು ವಾರ ಕಳೆದು ಮಗಳು ಒಬ್ಬಳೇ ಬಂದಳು. ತಾಯಿಗೆ ಕಣ್ಣಿನ ನರ ಒಣಗುತ್ತಿದೆಯೆಂದೂ, ಪೂರ್ತಿ ಕತ್ತಲಾಗುವ ಮೊದಲು ತನ್ನ ನೆನಪುಗಳನ್ನು ಬರೆಸಬೇಕೆಂದು ಹಟ ಹಿಡಿದಿದ್ದಾರೆಂದೂ ಹೇಳಿದಳು. ತನಗೆ ಆಫೀಸಿನಿಂದ ಬಿಡುವಿಲ್ಲ. ಬೇರೆ ಇಬ್ಬರನ್ನು ಕರೆದು ನೋಡಿದ್ದಾಯಿತಂತೆ, ತಾಯಿ ಒಪ್ಪಲಿಲ್ಲ. "ಕುಟ್ಟುವ ಹೆಂಗಸೇ ಬೇಕು ಅನ್ನುತ್ತಾರೆ," ಎಂದಳು.

ಹಾಗೆ ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ನಾನು ಅಲ್ ರೀಮ್ ಐಲ್ಯಾಂಡಿಗೆ ಹೋಗತೊಡಗಿದೆ. ಇಪ್ಪತ್ತೇಳನೆಯ ಮಹಡಿ. ಕಿಟಕಿಯಿಂದ ಕೆಳಗೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಸಿರು, ಅದರ ನಡುವೆ ನೀರಿನ ಗೆರೆಗಳು. ನಮ್ಮ ಕಡೆಯ ಅಳಿವೆಯ ಹಾಗೆಯೇ. ಅವರು ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದರು, ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಮೊದಲು ಚಹಾ, ಅದರ ಜೊತೆ ಚಮಚದಲ್ಲಿ ಚೆರಿ ಹಣ್ಣಿನ ಜಾಮು. ಆಮೇಲೆ ಕೆಲಸ. ಫಾರಿನ್ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದರಿಂದ ಅವರ ಇಂಗ್ಲಿಷ್ ಚೆನ್ನಾಗಿತ್ತು, ನಿಧಾನವಾಗಿತ್ತು. ನಾನು ಅವರನ್ನು ಟೀಚರ್ ಎಂದು ಕರೆಯುತ್ತಿದ್ದೆ. ನಾವು ಆಡಿದ್ದೆಲ್ಲ ಇಂಗ್ಲಿಷಿನಲ್ಲೇ ಆದರೂ ಈಗ ನೆನೆದರೆ ಅವರ ದನಿ ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

ತತ್ವಶಾಸ್ತ್ರವೆಂದರೆ ನನಗೆ ಅರ್ಥವಾಗದ ವಿಷಯ ಎಂದುಕೊಂಡಿದ್ದೆ. ಅವರು ಬರೆಸಿದ್ದು ಮನುಷ್ಯರ ಕಥೆ. ನೂರು ವರ್ಷದ ಹಿಂದೆ ಅವರ ದೇಶದಲ್ಲಿ ಕ್ರಾಂತಿಯಾದ ಮೇಲೆ, ದೇವರು, ಆತ್ಮ, ಒಬ್ಬೊಬ್ಬ ಮನುಷ್ಯನ ಸ್ವಾತಂತ್ರ್ಯ ಎಂದೆಲ್ಲ ಬರೆಯುತ್ತಿದ್ದವರನ್ನು ಹೆಂಡತಿ ಮಕ್ಕಳ ಸಮೇತ ಹಡಗು ಹತ್ತಿಸಿ ದೇಶದಿಂದ ಆಚೆ ಕಳಿಸಿದರಂತೆ. ಹೋಗದೆ ಉಳಿದವರಲ್ಲಿ ಕೆಲವರು ಶಿಬಿರಗಳಲ್ಲಿ ಸತ್ತರು. ಅವರ ಪುಸ್ತಕಗಳು ಲೈಬ್ರರಿಯಿಂದ ಮಾಯವಾದವು. ಟೀಚರ್ ಹುಟ್ಟುವ ಹೊತ್ತಿಗೆ ಆ ಹೆಸರುಗಳನ್ನು ಗಟ್ಟಿಯಾಗಿ ಹೇಳುವವರೇ ಇರಲಿಲ್ಲ. ಆದರೆ ಅವರ ಯೂನಿವರ್ಸಿಟಿಯಲ್ಲಿ ಒಬ್ಬ ಮೇಷ್ಟ್ರಿದ್ದರು. ತರಗತಿಯಲ್ಲಿ ಸರಕಾರ ಒಪ್ಪಿದ ಪಾಠ ಮಾಡಿ, ಮನೆಗೆ ಬಂದ ನಾಲ್ಕೈದು ಮಂದಿ ಶಿಷ್ಯರನ್ನು ಅಡುಗೆಮನೆಯಲ್ಲಿ ಕೂರಿಸಿ ಆ ಮಾಯವಾದವರ ಮಾತುಗಳನ್ನು ಹೇಳಿಕೊಡುತ್ತಿದ್ದರು. ಹೊರದೇಶದಿಂದ ಕದ್ದು ಬಂದ ಒಂದು ಪ್ರತಿ ಸಿಕ್ಕಿದರೆ ಟೀಚರ್ ಅದನ್ನು ಟೈಪು ಮಾಡುತ್ತಿದ್ದರು. ತೆಳು ಕಾಗದ, ನಡುವೆ ಕಾರ್ಬನ್, ಒಂದೇ ಸಲಕ್ಕೆ ಐದು ಪ್ರತಿ. ಪಕ್ಕದ ಮನೆಗೆ ಸದ್ದು ಕೇಳದಂತೆ ಮೆಷಿನ್ನಿನ ಕೆಳಗೆ ಕಂಬಳಿ ಮಡಚಿ ಇಡುತ್ತಿದ್ದರು.

"ಐದನೆಯ ಪ್ರತಿ ಓದಲು ಬರುತ್ತಿತ್ತಾ?" ಎಂದು ಕೇಳಿದೆ. ನಮ್ಮ ವಕೀಲರು ಐದನೆಯದನ್ನು ನೋಡಿ ಯಾವಾಗಲೂ ರೇಗುತ್ತಿದ್ದರು.

"ಕಷ್ಟದಲ್ಲಿ. ಆದರೆ ಅದನ್ನು ಓದಿದವರು ಎರಡೆರಡು ಸಲ ಓದುತ್ತಿದ್ದರು, ಅರ್ಥವಾಗಲಿ ಅಂತ."

ಅವರ ಮೇಷ್ಟ್ರ ಮಾತುಗಳಲ್ಲಿ ಒಂದು ರಷ್ಯನ್ ಪದ ಮತ್ತೆ ಮತ್ತೆ ಬರುತ್ತಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪದವಿಲ್ಲ ಎಂದು ಟೀಚರ್ ಒದ್ದಾಡುತ್ತಿದ್ದರು. ಒಬ್ಬನೇ ಕೂತು ಯೋಚಿಸಿದರೆ ಸತ್ಯ ಸಿಗುವುದಿಲ್ಲ, ಹಲವರು ಪ್ರೀತಿಯಿಂದ ಸೇರಿದಾಗ ಸಿಗುತ್ತದೆ. ಆದರೆ ಸೇರಿದ ಮಾತ್ರಕ್ಕೆ ಯಾರೂ ತಮ್ಮ ದನಿ ಕಳಕೊಳ್ಳಬಾರದು, ಹೀಗೆ ಏನೋ ಅದರ ಅರ್ಥ. "ನಿನ್ನ ಭಾಷೆಯಲ್ಲಿ ಏನನ್ನುತ್ತೀರಿ?" ಎಂದರು. ದೊಡ್ಡ ಪದಗಳನ್ನೆಲ್ಲ ಹುಡುಕಿ ಕಡೆಗೆ "ಒಟ್ಟಿಗೆ" ಎಂದೆ. ಅದು ದಿನಾ ಆಡುವ ಮಾತು, ಒಟ್ಟಿಗೆ ಊಟ ಮಾಡುವ, ಒಟ್ಟಿಗೆ ಹೋಗುವ ಎನ್ನುತ್ತೇವಲ್ಲ ಹಾಗೆ. ಅವರು ಎರಡು ಮೂರು ಸಲ ಬಾಯಲ್ಲಿ ಹೊರಳಿಸಿ ನೋಡಿದರು. ಅವರ ನಾಲಿಗೆಯಲ್ಲಿ ಅದು "ಓತಿಗೆ" ಆಗುತ್ತಿತ್ತು.

ಹಾಗೆ ಮಾತಾಡುತ್ತ ನಮ್ಮ ಮನೆಯ ಜಗಲಿಯ ಕಥೆ ಹೇಳಿದೆ. ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಹಂಚು ಸುಡುವ ಗೂಡಿನ ಬಳಿ. ಅಮ್ಮ ಬೀಡಿ ಕಟ್ಟುತ್ತಿದ್ದರು. ಸಂಜೆ ಹೊತ್ತು ಅಕ್ಕಪಕ್ಕದ ಏಳೆಂಟು ಹೆಂಗಸರು ಗೆರಸೆ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ಅಪ್ಪ ಸ್ನಾನ ಮಾಡಿ, ತಲೆ ಒರಸಿಕೊಂಡು, ಪುಸ್ತಕ ತೆಗೆದು ಓದುತ್ತಿದ್ದರು. ಹೆಂಗಸರ ಕೈ ಎಲೆ ಸುರುಳಿ ಸುತ್ತುತ್ತಿದ್ದರೂ ಕಿವಿ ಅಪ್ಪನ ಕಡೆಗೆ. ಯೂನಿಯನ್ನಿನವರ ವ್ಯಾನಿನಲ್ಲಿ ಬರುತ್ತಿದ್ದ ರಷ್ಯದ ಪುಸ್ತಕಗಳು ಅವು, ಕನ್ನಡದಲ್ಲೇ ಅಚ್ಚಾದವು, ನುಣುಪು ಕಾಗದ, ಗಟ್ಟಿ ರಟ್ಟು. ಮೂಗಿಗೆ ಹಿಡಿದರೆ ಒಂದು ಥರ ಅಂಟಿನ ಪರಿಮಳ. ಕಥೆ ಪುಸ್ತಕ ಮುಗಿದಾಗ ಅಪ್ಪ ಒಂದು ದಪ್ಪ ತತ್ವಶಾಸ್ತ್ರದ ಪಾಠಪುಸ್ತಕವನ್ನೇ ಓದಲು ಶುರುಮಾಡಿದ್ದರು.

"ಅಣ್ಣ, ಒಂದಕ್ಷರ ಅರ್ಥ ಆಗ್ಲಿಲ್ಲ," ಎಂದು ಒಬ್ಬ ಹೆಂಗಸು ಹೇಳಿದ್ದು ನನಗೆ ನೆನಪಿದೆ. ಬದಲಾವಣೆ ಸ್ವಲ್ಪಸ್ವಲ್ಪವೇ ಕೂಡಿಕೊಂಡು ಒಂದು ಹಂತಕ್ಕೆ ಬಂದಾಗ ವಸ್ತುವಿನ ಗುಣವೇ ಬೇರೆಯಾಗುತ್ತದೆ ಎಂದು ಅಪ್ಪ ಓದಿದ್ದರು.

"ನೋಡು, ಹಸಿ ಹಂಚು ಗೂಡಿಗೆ ಹೋಗ್ತದೆ," ಎಂದರು ಅಪ್ಪ. "ಮೊದಲಿನ ದಿನ ತೆಗೆದು ನೀರಿಗೆ ಹಾಕು, ಕರಗಿ ಮಣ್ಣಾಗ್ತದೆ. ಬೆಂಕಿ ಹಾಕ್ತಾ ಹೋಗು. ಒಂದು ಹೊತ್ತು ಬರ್ತದೆ, ಆಮೇಲೆ ನೀನು ಸಮುದ್ರಕ್ಕೆ ಹಾಕಿದ್ರೂ ಅದು ಮಣ್ಣಾಗುದಿಲ್ಲ. ಆ ಹೊತ್ತು ಯಾವುದು ಅಂತ ಕಣ್ಣಿಗೆ ಕಾಣುದಿಲ್ಲ. ನಮಗೂ ಹಾಗೇ ಒಂದು ಹೊತ್ತು ಬರ್ತದೆ."

ಇದನ್ನು ಕೇಳಿ ಟೀಚರ್ ಮೊದಲ ಸಲ ಬಾಯಿ ಬಿಟ್ಟು ನಕ್ಕರು. "ನಾನು ಇಪ್ಪತ್ತು ವರ್ಷ ಇದೇ ಪಾಠವನ್ನು ಮಂಜುಗಡ್ಡೆ, ನೀರು ಅಂತ ಹೇಳಿ ಮಾಡಿದೆ. ಮಕ್ಕಳು ನಿದ್ದೆ ಹೋಗುತ್ತಿದ್ದರು. ಗೂಡು ಎಷ್ಟೋ ವಾಸಿ."

ಅವರಿಗೆ ಆ ಪುಸ್ತಕ ತೋರಿಸಬೇಕೆಂಬ ಆಸೆ ನನಗೆ ಆಗ ಹುಟ್ಟಿತು. ಗಂಡ ರಜೆಯಲ್ಲಿ ಊರಿಗೆ ಹೊರಟಾಗ, ನನ್ನ ಅಣ್ಣನ ಮನೆಯ ಕಪಾಟಿನಲ್ಲಿ ಹುಡುಕಿ ತನ್ನಿ ಎಂದೆ. ಹಲಸಿನ ಹಪ್ಪಳ, ಕೊಬ್ಬರಿ ಎಣ್ಣೆಯ ಜೊತೆಗೆ ಲುಂಗಿಯಲ್ಲಿ ಸುತ್ತಿ ತಂದರು. ರಟ್ಟಿನ ಅಂಚು ಗೆದ್ದಲು ತಿಂದಿತ್ತು. ಒಳಗೆ ಅಪ್ಪ ಪೆನ್ಸಿಲಿನಲ್ಲಿ ಗೆರೆ ಎಳೆದದ್ದೆಲ್ಲ ಹಾಗೇ ಇತ್ತು.

ಮಂಗಳವಾರ ಅದನ್ನು ಟೀಚರ ಮಡಿಲಲ್ಲಿಟ್ಟೆ. ಅವರು ಪುಟಗಳನ್ನು ಬೆರಳಿನಿಂದ ಸವರಿದರು, ಮೂಸಿ ನೋಡಿದರು, ನಕ್ಕರು. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ರಷ್ಯನ್ ಲಿಪಿಯಲ್ಲಿ ಏನೋ ಅಚ್ಚಾಗಿತ್ತು. ಭೂತಗನ್ನಡಿ ತರಿಸಿಕೊಂಡು, ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದರು. ಆಮೇಲೆ ಭೂತಗನ್ನಡಿ ಕೆಳಗಿಟ್ಟು ಪುಸ್ತಕ ಮುಚ್ಚಿದರು.

"ಏನಾಯಿತು ಟೀಚರ್?"

"ಇದನ್ನು ಬರೆದವನು ನಮ್ಮ ವಿಭಾಗದ ಮುಖ್ಯಸ್ಥ," ಎಂದರು. "ನನ್ನ ಮೇಷ್ಟ್ರನ್ನು ಕೆಲಸದಿಂದ ತೆಗೆಸಿದವನು."

ನಾನು ಕೀಬೋರ್ಡಿನ ಮೇಲೆ ಕೈಯಿಟ್ಟು ಕುಳಿತೆ. "ಬರೆದುಕೊ," ಎಂದರು. ಬರೆದುಕೊಂಡೆ. ಆ ಹೊತ್ತಿಗೆ ಟೀಚರೂ ಅದೇ ವಿಭಾಗದಲ್ಲಿ ಪಾಠ ಮಾಡುತ್ತಿದ್ದರು. ಅಡುಗೆಮನೆಯ ಪಾಠದ ಸುದ್ದಿ ಯಾರೋ ಮುಟ್ಟಿಸಿದ್ದರು. ಮುಖ್ಯಸ್ಥ ಸಭೆ ಕರೆದು ಒಂದು ಪತ್ರ ಓದಿದ. ಮೇಷ್ಟ್ರು ಎದುರಿನ ಕುರ್ಚಿಯಲ್ಲೇ ಕುಳಿತಿದ್ದರು. ಅವರನ್ನು ಕೆಲಸದಿಂದ ತೆಗೆಯಲು ಒಪ್ಪುವವರು ಕೈ ಎತ್ತಿ ಎಂದ. ಎಲ್ಲರೂ ಎತ್ತಿದರು. "ನಾನೂ ಎತ್ತಿದೆ," ಎಂದರು ಟೀಚರ್. "ಆಗ ಈ ಮಗಳು ಹೊಟ್ಟೆಯಲ್ಲಿದ್ದಳು. ಅದನ್ನೇ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆ ಸಂಜೆ ನನ್ನಲ್ಲಿದ್ದ ಟೈಪು ಮಾಡಿದ ಹಾಳೆಗಳ ಕಟ್ಟನ್ನೆಲ್ಲ ಕೊಂಡುಹೋಗಿ ಮೇಷ್ಟ್ರ ಬಾಗಿಲ ಹೊರಗಿಟ್ಟು ಬಂದೆ. ಬೆಲ್ ಒತ್ತಲು ಧೈರ್ಯ ಬರಲಿಲ್ಲ. ಅವರು ಆಮೇಲೆ ಒಂದು ಕಟ್ಟಡದ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದರು. ನಾನು ಮತ್ತೆ ಅವರನ್ನು ನೋಡಲಿಲ್ಲ. ಮರುದಿನದಿಂದ ಈ ಪುಸ್ತಕ ಹಿಡಿದುಕೊಂಡು ಪಾಠ ಮಾಡಿದೆ. ಬರೆದವನು ಇದನ್ನು ನಂಬಿರಲಿಲ್ಲ. ಪಾಠ ಮಾಡಿದ ನಾವೂ ನಂಬಿರಲಿಲ್ಲ."

ಆ ದಿನ ನಾನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಟೀಚರ ಮೇಲೆ ಕನಿಕರ ಬರಬೇಕಿತ್ತು, ಬರಲಿಲ್ಲ. ಬಸ್ಸಿನಲ್ಲಿ ಕೂತಾಗ ನನ್ನ ಕಣ್ಣ ಮುಂದೆ ಇದ್ದದ್ದು ಅಪ್ಪನ ಪೆನ್ಸಿಲಿನ ಗೆರೆಗಳು. ಮೈಯೆಲ್ಲ ಗೂಡಿನ ಕಾವು ತುಂಬಿಕೊಂಡು ಬಂದ ಮನುಷ್ಯ, ಹಸಿವಾಗಿದ್ದರೂ ಮೊದಲು ಪುಸ್ತಕ ತೆಗೆಯುತ್ತಿದ್ದರು. ಬರೆದವನೇ ನಂಬದ್ದನ್ನು ಇವರು ಯಾಕೆ ನಂಬಿದರು? ಯಾರೋ ಎಲ್ಲೋ ಕೂತು ಅಪ್ಪನನ್ನು ಮಂಗ ಮಾಡಿದ ಹಾಗೆ ಅನ್ನಿಸಿತು. ಗುರುವಾರ ತಲೆನೋವೆಂದು ಫೋನ್ ಮಾಡಿ ಹೋಗಲಿಲ್ಲ. ಮುಂದಿನ ವಾರವೂ ಹೋಗಲಿಲ್ಲ.

ಶುಕ್ರವಾರ ಬಂದ ಗಂಡ ನನ್ನ ಮುಖ ನೋಡಿಯೇ ಕೇಳಿದರು, "ಎಂತ ಆಯ್ತು?" ಹೇಳಿದೆ. ಅವರು ಪುಸ್ತಕ ಓದುವವರಲ್ಲ. ಊಟ ಮುಗಿಸಿ, ಕೈ ತೊಳೆದು ಬಂದು ಹೇಳಿದರು, "ನಿನ್ನ ಅಪ್ಪ ಅದನ್ನು ಓದಿ ಎಂತ ಮಾಡಿದ್ರು ಅಂತ ಆ ಅಮ್ಮನಿಗೆ ಗೊತ್ತುಂಟಾ? ಅದನ್ನು ಹೇಳಿದ್ದೀಯಾ ನೀನು?"

ಹೇಳಿರಲಿಲ್ಲ. ಅದರ ಮುಂದಿನ ಮಂಗಳವಾರ ಹೋದೆ. ಟೀಚರ್ ಬಾಗಿಲಲ್ಲೇ ನಿಂತಿದ್ದರು. "ಇನ್ನು ಬರುವುದಿಲ್ಲ ಎಂದುಕೊಂಡೆ," ಎಂದರು. ನಾನು ಚಹಾಕ್ಕೂ ಕಾಯದೆ ಹೇಳಲು ಶುರುಮಾಡಿದೆ.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಮುಗಿದ ಮೇಲೆ ಧಣಿಗಳು ಅಪ್ಪನನ್ನು ಆಫೀಸಿಗೆ ಕರೆಸಿದರು. ಮುಷ್ಕರಕ್ಕೆ ಜನ ಸೇರಿಸಿದ ನಾಲ್ಕು ಹೆಸರು ಹೇಳಿದರೆ ಮೇಸ್ತ್ರಿ ಕೆಲಸ ಕೊಡುತ್ತೇವೆ, ಗೂಡಿನ ಬಿಸಿ ತಪ್ಪುತ್ತದೆ ಎಂದರು. ಅಪ್ಪನಿಗೆ ಆಗಲೇ ಉಬ್ಬಸ ಶುರುವಾಗಿತ್ತು. ಅಪ್ಪ ಹೆಸರು ಹೇಳಲಿಲ್ಲ. ಎಂಟು ತಿಂಗಳು ಅವರನ್ನು ಹೊರಗಿಟ್ಟರು. ಅಮ್ಮನ ಬೀಡಿಯಲ್ಲೇ ನಾವು ಉಂಡದ್ದು. ಒಂದು ದಿನ ಅಮ್ಮ ತಡೆಯಲಾರದೆ, "ಯಾರದ್ದಾದ್ರೂ ಒಂದು ಹೆಸರು ಹೇಳ್ಬಹುದಿತ್ತಲ್ಲ, ಊರು ಬಿಟ್ಟು ಹೋದವರದ್ದು," ಎಂದರು. ಅಪ್ಪ ಸಿಟ್ಟು ಮಾಡಲಿಲ್ಲ. "ಇಷ್ಟು ದಿನ ಜಗಲಿಯಲ್ಲಿ ಕೂತು ಓದಿದ್ದು ನಾನೇ ಅಲ್ವಾ. ಹೆಸರು ಹೇಳಿದ್ರೆ ನಾಳೆ ಆ ಹೆಂಗಸರ ಮುಂದೆ ಯಾವ ಬಾಯಲ್ಲಿ ಓದುದು?" ಎಂದರು.

ಟೀಚರ್ ಕೇಳುತ್ತ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಮುಗಿದ ಮೇಲೆ ಪುಸ್ತಕ ಎಲ್ಲಿ ಎಂದು ಕೇಳಿದರು. ನನ್ನ ಚೀಲದಲ್ಲೇ ಇತ್ತು. ತೆಗೆದು ಕೊಟ್ಟೆ. ಈ ಸಲ ಕೊನೆಯ ಪುಟಕ್ಕೆ ಹೋಗಲಿಲ್ಲ. ಮಧ್ಯದ ಪುಟಗಳಲ್ಲಿ ಪೆನ್ಸಿಲಿನ ಗೆರೆ ಒತ್ತಿ ಮೂಡಿದ ಕಡೆ ಬೆರಳಾಡಿಸಿದರು. ಅಪ್ಪನೂ ಒತ್ತಿ ಬರೆಯುವ ಕೈಯವರೇ.

"ನಾನು ಕೈ ಎತ್ತಿದ ಪುಟದ ಮುಂದೆ ಇದನ್ನು ಸೇರಿಸು," ಎಂದರು. "ನೀನು ಹೇಳಿದ ಹಾಗೆಯೇ. ನಾನೇನೂ ತಿದ್ದುವುದಿಲ್ಲ."

"ಇದು ನಿಮ್ಮ ದೇಶದ ತತ್ವಶಾಸ್ತ್ರದ ಕಥೆಯಲ್ಲವಾ ಟೀಚರ್?"

"ಹೌದು. ಅದು ಎಲ್ಲೆಲ್ಲಿಗೆ ಹೋಯಿತೋ ಅಲ್ಲಿಯ ಕಥೆಯೂ ಸೇರಬೇಕಲ್ಲ."

ನನ್ನ ಅಪ್ಪನ ಬಗ್ಗೆ ನಾನು ಏನನ್ನಾದರೂ ಬರೆದದ್ದು ಅದೇ ಮೊದಲು. ಅದೂ ಇಂಗ್ಲಿಷಿನಲ್ಲಿ, ಒಬ್ಬ ರಷ್ಯನ್ ಮುದುಕಿಯ ನೆನಪಿನ ಪುಸ್ತಕದೊಳಗೆ. ಎರಡು ಪುಟವಾಯಿತು. ಜಗಲಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಬರೆದ ಪದ ಇಂದಿಗೂ ನನಗೆ ಸಮಾಧಾನ ಕೊಟ್ಟಿಲ್ಲ.

ಬರವಣಿಗೆ ಮುಗಿಯುವ ಹೊತ್ತಿಗೆ ರಂಜಾನ್ ಬಂದಿತ್ತು. ಅಂಗಡಿಯ ವೇಳೆ ಬದಲಾಗಿ ನಾನು ವಾರಕ್ಕೆ ಒಂದೇ ಸಲ ಹೋಗುತ್ತಿದ್ದೆ. ಟೀಚರ ಮಗಳು ಎಲ್ಲವನ್ನೂ ಓದಿದಳು. ಕೈ ಎತ್ತಿದ ಪುಟ ಓದಿ ಒಂದು ವಾರ ತಾಯಿಯೊಡನೆ ಸರಿಯಾಗಿ ಮಾತಾಡಲಿಲ್ಲವೆಂದು ಟೀಚರೇ ಹೇಳಿದರು. ಆ ಪುಟ ತೆಗೆದುಬಿಡೋಣ, ಯಾರಿಗೆ ಬೇಕು ಅದು ಎಂದಳಂತೆ. ಟೀಚರ್ ಒಪ್ಪಲಿಲ್ಲ. ಕಡೆಗೆ ಮಗಳೇ ಹುಡುಕಾಡಿ ಆ ಮೇಷ್ಟ್ರ ಮಗಳ ವಿಳಾಸ ಪತ್ತೆ ಮಾಡಿದಳು. ಬೇರೆ ಯಾವುದೋ ದೇಶದಲ್ಲಿದ್ದರು, ಅವರಿಗೂ ಅರವತ್ತು ದಾಟಿತ್ತು. ಆ ಭಾಗವನ್ನು ಇಮೇಲಿನಲ್ಲಿ ಕಳಿಸಿದ್ದು ನಾನೇ, ಕಳಿಸುವ ಬಟನ್ ಒತ್ತುವಾಗ ಟೀಚರ್ ನನ್ನ ಭುಜ ಹಿಡಿದುಕೊಂಡಿದ್ದರು.

ಉತ್ತರ ಬರಲು ಒಂದು ತಿಂಗಳು ಹಿಡಿಯಿತು. ಆ ಒಂದು ತಿಂಗಳಲ್ಲಿ ಟೀಚರ್ ಏನನ್ನೂ ಬರೆಸಲಿಲ್ಲ. ನಾನು ಹೋದರೆ ಸುಮ್ಮನೆ ಚಹಾ ಕುಡಿಯುತ್ತಿದ್ದೆವು, ಕೆಳಗೆ ನೀರಿನ ಪಕ್ಕ ನಿಧಾನಕ್ಕೆ ನಡೆಯುತ್ತಿದ್ದೆವು. ಕಾಂಡ್ಲಾದ ಬೇರು ಉಸಿರಾಡಲು ಕೆಸರಿನಿಂದ ಮೇಲೆ ಬರುತ್ತದೆ ಎಂದು ನಾನು ವಿವರಿಸಿದರೆ ಬಗ್ಗಿ ಮುಟ್ಟಿ ನೋಡುತ್ತಿದ್ದರು.

ಒಂದು ಗುರುವಾರ ನಾನು ಹೋದಾಗ ಮಗಳು ಆಫೀಸಿಗೆ ರಜೆ ಹಾಕಿ ಮನೆಯಲ್ಲಿದ್ದಳು. ಉತ್ತರ ಬಂದಿತ್ತು. ನಾನು ಬರಲಿ ಎಂದು ಕಾದಿದ್ದರು. ಮಗಳು ರಷ್ಯನ್ನಿನಲ್ಲಿ ಒಂದು ಸಾಲು ಓದಿ, ನನಗಾಗಿ ಇಂಗ್ಲಿಷಿನಲ್ಲಿ ಹೇಳಿ, ಹೀಗೆ ನಿಧಾನಕ್ಕೆ ಓದಿದಳು. ಬಾಗಿಲ ಬಳಿ ಕಟ್ಟು ಇಟ್ಟವರು ಯಾರೆಂದು ತಂದೆಗೆ ಅಂದೇ ಗೊತ್ತಾಗಿತ್ತಂತೆ. ಆ ನಾಲ್ಕೈದು ಮಂದಿ ಶಿಷ್ಯರಲ್ಲಿ ಅಷ್ಟು ಅಚ್ಚುಕಟ್ಟಾಗಿ ಟೈಪು ಮಾಡುವವರು ಒಬ್ಬರೇ. ಅವರಿಗೆ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಆ ಹುಡುಗಿ ತುಂಬಿದ ಬಸುರಿ, ಈ ಚಳಿಯಲ್ಲಿ ಮೆಟ್ಟಿಲು ಹತ್ತಿ ಬಂದಿದ್ದಾಳಲ್ಲ ಎಂದು ಆ ಸಂಜೆಯೆಲ್ಲ ಗೊಣಗಿದರಂತೆ. ಮನುಷ್ಯ ಬದುಕಿರುವವರೆಗೂ ಅವನ ಬಗ್ಗೆ ಕೊನೆಯ ಮಾತು ಹೇಳಬಾರದು ಎಂದು ಅವರು ಅಡುಗೆಮನೆಯಲ್ಲಿ ಪಾಠ ಮಾಡುತ್ತಿದ್ದರಲ್ಲ, ನಿಮ್ಮ ವಿಷಯದಲ್ಲೂ ಹೇಳಲಿಲ್ಲ ಎಂದು ಮೇಷ್ಟ್ರ ಮಗಳು ಬರೆದಿದ್ದರು. ಬಾಯ್ಲರ್ ಕೋಣೆಯಲ್ಲಿ ಅವರು ಸುಖವಾಗಿಯೇ ಇದ್ದರಂತೆ, ಓದಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ಟೀಚರ್ ಅಳಲಿಲ್ಲ. "ಇನ್ನೊಮ್ಮೆ ಓದು," ಎಂದರು. ಮಗಳು ಮತ್ತೆ ಓದಿದಳು, ಈ ಸಲ ಬರೇ ರಷ್ಯನ್ನಿನಲ್ಲಿ. ನನಗೆ ಒಂದು ಪದವೂ ತಿಳಿಯಲಿಲ್ಲ, ಆದರೂ ಕೇಳುತ್ತ ಕುಳಿತೆ. ಓದುವುದು ಮುಗಿದಾಗ ಮಗಳು ತಾಯಿಯ ಮೊಣಕಾಲಿಗೆ ತಲೆಯಿಟ್ಟಳು. ನಾನು ಎದ್ದು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಮರು ವರ್ಷ ಟೀಚರ ಮಗಳಿಗೆ ಬೇರೆ ದೇಶಕ್ಕೆ ವರ್ಗವಾಗಿ ಅವರು ಹೊರಟರು. ಟೀಚರ ವೀಸಾ ಕ್ಯಾನ್ಸಲ್ ಮಾಡಿಸುವ ಅರ್ಜಿಯನ್ನೂ ನಾನೇ ತುಂಬಿದೆ. ಅಂಗಡಿಗೆ ಬಂದಿದ್ದ ಅವರಿಗೆ ಸಾಯ್ಬರು ಎದ್ದು ನಿಂತು ಕುರ್ಚಿ ಕೊಟ್ಟರು. "ಅಮ್ಮ, ಇನ್ಶಾ ಅಲ್ಲಾ ಮತ್ತೆ ಬನ್ನಿ," ಎಂದು ಕನ್ನಡದಲ್ಲೇ ಹೇಳಿದರು. ಟೀಚರ್ ತಲೆಯಾಡಿಸಿದರು. ಕಣ್ಣು ಆಗ ಬಹುಪಾಲು ಹೋಗಿತ್ತು. ನನ್ನ ಎರಡೂ ಕೈಯನ್ನು ಹಿಡಿದು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ ಬಿಟ್ಟರು.

ಗಂಡ ನಿವೃತ್ತರಾದ ಮೇಲೆ ನಾವು ದುಬೈಗೆ, ಮಗಳ ಮನೆಗೆ ಬಂದೆವು. ಅಲ್ ಕುಸೈಸಿನಲ್ಲಿ ಎರಡು ಬೆಡ್‌ರೂಮಿನ ಫ್ಲಾಟು, ಕೆಳಗೆ ಸ್ಕೂಲ್ ಬಸ್ಸುಗಳ ಗದ್ದಲ. ಹೋದ ಚಳಿಗಾಲದಲ್ಲಿ ಒಂದು ಶನಿವಾರ ಬೆಳಿಗ್ಗೆ ಟೀಚರ ಮಗಳ ಮೆಸೇಜು ಬಂತು. ನಿದ್ದೆಯಲ್ಲೇ ಹೋದರು ಎಂದಿತ್ತು. ಫೋನು ಹಿಡಿದುಕೊಂಡು ನಾನು ನಿಂತಲ್ಲೇ ನಿಂತದ್ದನ್ನು ನೋಡಿ ನನ್ನ ಮಗಳು ಹತ್ತಿರ ಬಂದಳು.

"ಹು ವಾಸ್ ಶಿ, ಅಮ್ಮ?"

ಹೇಳಿದೆ. ಹೇಳುವಾಗ ಅಜ್ಜನ ವಿಷಯವೂ ಬಂತು, ಮುಷ್ಕರದ ವಿಷಯವೂ ಬಂತು. ಅವಳಿಗೆ ಅಜ್ಜನೆಂದರೆ ಗೋಡೆಯ ಫೋಟೋ ಅಷ್ಟೇ ಆಗಿತ್ತು. "ವೈ ಡಿಡ್ ಯು ನೆವರ್ ಟೆಲ್ ಮಿ?" ಎಂದಳು. ಅವಳು ಎಲ್ಲಿಗೋ ಹೊರಟಿದ್ದವಳು ಚಪ್ಪಲಿ ಕಳಚಿ, ಸೋಫಾದ ಮೇಲೆ ಕಾಲು ಮಡಚಿ ಕೂತಳು. "ಮೊದಲಿಂದ ಹೇಳು," ಎಂದಳು, ಕನ್ನಡದಲ್ಲಿ.